ಅಲ್ಲಾಡದ ಕಾಲಿಗೆ ಬಿಗಿ ಚೀಲ

(ಹಾವೇರಿಯಲ್ಲಿ ದಾದಿಯರು ಹಾಗೂ ರೋಗಿಗಳ ಮನೆಯವರ ಮುಂದೆ ಹಿರಿಯ ಶಸ್ತ್ರವೈದ್ಯರೊಬ್ಬರು ಮಾಡಿದ ಭಾಷಣ)



ಹಾಲಿಗೆ ಹೆಪ್ಪು ಹಾಕಿದ ಮೇಲೆ ಗಡಿಗೆಯನ್ನು ಅಲ್ಲಾಡಿಸಬಾರದು ಎಂಬುದು ಇಲ್ಲಿ ಕುಳಿತಿರುವ ತಾಯಂದಿರಿಗೆಲ್ಲ ಗೊತ್ತು. ಅಲ್ಲಾಡದೆ ಇದ್ದರೆ ಮೊಸರು ಗಟ್ಟಿಯಾಗುತ್ತದೆ. ಇವತ್ತು ನಾನು ಹೇಳಹೊರಟಿರುವುದೂ ಹೆಪ್ಪಿನ ವಿಷಯವೇ. ಆದರೆ ಇದು ಗಡಿಗೆಯಲ್ಲಿ ಅಲ್ಲ, ಮಲಗಿದವರ ಕಾಲಿನ ರಕ್ತನಾಳದಲ್ಲಿ ಕಟ್ಟುವ ಹೆಪ್ಪು.

ಬಹಳ ವರ್ಷಗಳ ಹಿಂದೆ, ನಾನಿನ್ನೂ ಕಿರಿಯ ವೈದ್ಯನಾಗಿದ್ದಾಗ, ಬ್ಯಾಡಗಿ ಕಡೆಯ ಅಜ್ಜಿಯೊಬ್ಬರು ತೊಡೆಯ ಮೂಳೆ ಮುರಿದುಕೊಂಡು ಬಂದಿದ್ದರು. ಜೀವಮಾನವೆಲ್ಲ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತುಂಬು ಬಿಡಿಸಿದವರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. "ಅಜ್ಜಿಯನ್ನು ಜೋಪಾನವಾಗಿ ನೋಡಿಕೊಳ್ಳಿ" ಎಂದು ಹೇಳಿ ನಾನು ಮುಂದಿನ ಹಾಸಿಗೆಗೆ ಹೋದೆ. ಮನೆಯವರು ಜೋಪಾನ ಮಾಡಿದರು. ಆಕೆ ಕಾಲು ಮಿಸುಕಿಸಿದರೆ ಸಾಕು, "ಯಜ್ಜೀ, ಅಳ್ಳಾಡಬ್ಯಾಡ, ಹೊಲಿಗಿ ಬಿಚ್ಚತಾವು" ಎಂದು ಮೊಮ್ಮಗಳು ಗದರುತ್ತಿದ್ದಳು. ಎಂಟನೆಯ ದಿನ ಬೆಳಿಗ್ಗೆ ಎಬ್ಬಿಸಿ ಕೂರಿಸಿದರು. "ಎದಿ ಹಿಡಕೊಂಡತಿ" ಎಂದ ಅಜ್ಜಿ ಮತ್ತೆ ಮಾತನಾಡಲಿಲ್ಲ. ಮನೆಯವರು ಹೃದಯಾಘಾತ ಎಂದುಕೊಂಡರು. ಕಾಲಿನಿಂದ ಹೊರಟ ಹೆಪ್ಪು ಶ್ವಾಸಕೋಶಕ್ಕೆ ಸಿಕ್ಕಿಕೊಂಡಿತ್ತು ಎಂದು ನನಗೆ ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ. ತಪ್ಪು ಮೊಮ್ಮಗಳದಲ್ಲ. ಜೋಪಾನ ಎಂದರೆ ಏನೆಂದು ನಾನು ಬಿಡಿಸಿ ಹೇಳಿರಲಿಲ್ಲ.

ಹೃದಯ ರಕ್ತವನ್ನು ಕಾಲಿಗೆ ತಳ್ಳುತ್ತದೆ, ಸರಿ. ಪಾದದಿಂದ ಮೇಲಕ್ಕೆ ತರುವವರು ಯಾರು? ಆ ಕೆಲಸದ ಬಹುಪಾಲು ಮೀನಖಂಡದ ಸ್ನಾಯುವಿನದು. ನಾವು ಹೆಜ್ಜೆ ಹಾಕಿದಾಗಲೆಲ್ಲ ಅದು ಒಳಗಿನ ಅಭಿಧಮನಿಗಳನ್ನು ಹಿಂಡುತ್ತದೆ. ಮೇಲೇರಿದ ರಕ್ತ ಹಿಂದಕ್ಕೆ ಜಾರದಂತೆ ನಾಳದಲ್ಲಿ ಸಣ್ಣ ಸಣ್ಣ ಕವಾಟಗಳಿವೆ. ಈ ಕವಾಟಗಳನ್ನು ಇಟಲಿಯ ಫ್ಯಾಬ್ರಿಶಿಯಸ್ 1603ರಲ್ಲಿ ಬಣ್ಣಿಸಿದ. ಅವನ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ರಕ್ತ ದೇಹವಿಡೀ ಸುತ್ತುತ್ತದೆ ಎಂದು ತೋರಿಸಿದಾಗ ಅವುಗಳ ಉಪಯೋಗವೂ ತಿಳಿಯಿತು. ಅರಿವಳಿಕೆ ಕೊಟ್ಟು ಮಲಗಿಸಿದಾಗ ಮೀನಖಂಡ ಸಡಿಲಾಗುತ್ತದೆ, ರಕ್ತದ ಓಟ ನಿಧಾನವಾಗುತ್ತದೆ. ಗಾಯವಾದ ದೇಹದಲ್ಲಿ ರಕ್ತಕ್ಕೆ ಹೆಪ್ಪುಗಟ್ಟುವ ಗುಣವೂ ಹೆಚ್ಚು. ಕಾಲಿನ ಹೆಪ್ಪೇ ಕಿತ್ತುಕೊಂಡು ಹೋಗಿ ಶ್ವಾಸಕೋಶದ ನಾಳವನ್ನು ಮುಚ್ಚುತ್ತದೆ ಎಂಬುದನ್ನು 19ನೇ ಶತಮಾನದ ನಡುವಿನಲ್ಲಿ ಜರ್ಮನಿಯ ರುಡೋಲ್ಫ್ ವಿರ್ಚೋ ಸ್ಪಷ್ಟಪಡಿಸಿದ.

ಇನ್ನು ಬಿಗಿ ಕಾಲುಚೀಲದ ಮಾತು. ಮೈಗೆ ಬಟ್ಟೆ ಬಿಗಿದು ಕಟ್ಟುವುದು ನಮಗೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಹದಿನಾಲ್ಕು ಬಗೆಯ ಕಟ್ಟುಗಳಿವೆ. ಅಷ್ಟೇ ಅಲ್ಲ, ಬಿಗಿ, ಹದ, ಸಡಿಲು ಎಂದು ಮೂರು ಅಳತೆಗಳೂ ಇವೆ. ಕೈಕಾಲುಗಳಿಗೆ ಹದವಾದ ಕಟ್ಟು ಎಂದು ಅಲ್ಲಿ ಹೇಳಿದೆ. ನಿಕ್ಕರು ತೊಟ್ಟು ಮೊಣಕಾಲಿನ ತನಕ ಪಟ್ಟಿ ಸುತ್ತಿಕೊಂಡ ಪೊಲೀಸ್ ಪೇದೆಯನ್ನು ನಮ್ಮಲ್ಲಿ ಹಿರಿಯರು ನೋಡಿದ್ದಾರೆ. ಆ ಪಟ್ಟಿ ನಮ್ಮ ದೇಶದಿಂದಲೇ ಇಂಗ್ಲಿಷರ ಸೈನ್ಯಕ್ಕೂ ಅವರ ನಿಘಂಟಿಗೂ ಹೋಯಿತು. ಇಂಗ್ಲೆಂಡಿನಲ್ಲಿ ರಿಚರ್ಡ್ ವೈಸ್‌ಮನ್ ಎಂಬ ಶಸ್ತ್ರವೈದ್ಯ 17ನೇ ಶತಮಾನದಲ್ಲಿ ಕಾಲಿನ ಹುಣ್ಣಿಗೆ ದಾರ ಬಿಗಿಯುವ ಚರ್ಮದ ಚೀಲ ಬಳಸುತ್ತಿದ್ದ. ರಬ್ಬರಿನ ಎಳೆ ಬಂದ ಮೇಲೆ, 19ನೇ ಶತಮಾನದಲ್ಲಿ, ಹಿಗ್ಗುವ ಕಾಲುಚೀಲ ಬಂತು.

ಇಂದಿನ ಚೀಲದ ಗುಟ್ಟು ಬಿಗಿಯಲ್ಲಿ ಇಲ್ಲ, ಬಿಗಿಯ ಇಳಿಕೆಯಲ್ಲಿದೆ. ಅಮೆರಿಕದ ಟೊಲೆಡೊ ನಗರದಲ್ಲಿ ಕಾನ್ರಾಡ್ ಜೋಬ್ಸ್ಟ್ ಎಂಬ ಇಂಜಿನಿಯರ್ ಇದ್ದ. ಅವನಿಗೆ ಕಾಲಿನ ನರ ಉಬ್ಬುವ ಕಾಯಿಲೆ. ಈಜುಕೊಳದಲ್ಲಿ ನಿಂತಾಗ ಮಾತ್ರ ನೋವು ಇಳಿಯುತ್ತಿತ್ತು. ತುಂಗಭದ್ರೆಯಲ್ಲಿ ಎದೆಮಟ್ಟ ನಿಂತವರ ಪಾದಕ್ಕೆ ನೀರಿನ ಒತ್ತಡ ಹೆಚ್ಚು, ಮೇಲೆ ಬಂದಂತೆ ಕಡಿಮೆ. ಚೀಲವೂ ಹಾಗೆಯೇ ಒತ್ತಬೇಕು ಎಂದು ಅವನಿಗೆ ಹೊಳೆಯಿತು. 1950ರ ಸುಮಾರಿಗೆ ಅಂಥ ಚೀಲ ತಯಾರಾಯಿತು. ಆಸ್ಪತ್ರೆಯಲ್ಲಿ ಮಲಗಿದವರಿಗೆ ಕೊಡುವ ಚೀಲ ಹರಡಿನ ಹತ್ತಿರ ಸುಮಾರು 18 ಮಿ.ಮೀ. ಪಾದರಸದಷ್ಟು ಒತ್ತುತ್ತದೆ, ತೊಡೆಯ ಮೇಲ್ಭಾಗದಲ್ಲಿ ಸುಮಾರು 8.

ಇದು ಬಿಳಿಯರ ಕಾಯಿಲೆ, ನಮ್ಮವರಿಗೆ ಬರುವುದಿಲ್ಲ ಎಂಬ ನಂಬಿಕೆ ನಮ್ಮ ವೈದ್ಯರಲ್ಲೇ ಬಹುಕಾಲ ಇತ್ತು. ಅದು ಸುಳ್ಳು. ಹೆಪ್ಪು ತಡೆಯುವ ದಾರಿ ತೋರಿಸಿದವರಲ್ಲಿ ಭಾರತೀಯ ಮೂಲದವರೇ ಆದ ಡಾ. ವಿಜಯ್ ಕಕ್ಕರ್ ಮುಖ್ಯರು. 1975ರಲ್ಲಿ ಅವರು ಲಂಡನ್ನಿನಿಂದ ಪ್ರಕಟಿಸಿದ ಅಧ್ಯಯನದಲ್ಲಿ 4,121 ಶಸ್ತ್ರಚಿಕಿತ್ಸೆಯ ರೋಗಿಗಳಿದ್ದರು. ಶವಪರೀಕ್ಷೆಯಲ್ಲಿ ಶ್ವಾಸಕೋಶದ ಹೆಪ್ಪಿನಿಂದ ಸತ್ತದ್ದು ಖಚಿತವಾದವರು, ಹೆಪಾರಿನ್ ಚುಚ್ಚುಮದ್ದು ಪಡೆಯದವರಲ್ಲಿ 16 ಮಂದಿ, ಸ್ವಲ್ಪ ಪ್ರಮಾಣದಲ್ಲಿ ಪಡೆದವರಲ್ಲಿ ಇಬ್ಬರು.

ಹಾಗಾದರೆ ಚೀಲ ಹಾಕಿದರೆ ಭಯವಿಲ್ಲವೆ? ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. 2020ರಲ್ಲಿ ಇಂಗ್ಲೆಂಡಿನ ಒಂದು ಅಧ್ಯಯನ ಹೊರಬಂತು. ಹೆಪಾರಿನ್ ಪಡೆಯುತ್ತಿರುವ ಶಸ್ತ್ರಚಿಕಿತ್ಸೆಯ ರೋಗಿಗಳಿಗೆ ಚೀಲವನ್ನೂ ಹಾಕಿದ್ದರಿಂದ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ. ಪಾರ್ಶ್ವವಾಯು ರೋಗಿಗಳ ಮೇಲೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೊಡೆಯವರೆಗಿನ ಚೀಲ ಹೆಪ್ಪನ್ನು ತಡೆಯಲಿಲ್ಲ, ಚರ್ಮದ ಗಾಯಗಳು ಮಾತ್ರ ಹೆಚ್ಚಿದವು. ಆದ್ದರಿಂದ ಚೀಲ ಎಲ್ಲರಿಗೂ ಅಲ್ಲ. ರಕ್ತಸ್ರಾವದ ಭಯದಿಂದ ಹೆಪಾರಿನ್ ಕೊಡಲಾಗದವರಿಗೆ ಅದರ ಬೆಲೆ ಹೆಚ್ಚು. ಯಾರಿಗೆ ಚೀಲ, ಯಾರಿಗೆ ಚುಚ್ಚುಮದ್ದು ಎಂಬುದನ್ನು ವೈದ್ಯರು ನಿರ್ಧರಿಸಬೇಕು, ಔಷಧ ಅಂಗಡಿಯವರಲ್ಲ.

ರಾಣೆಬೆನ್ನೂರಿನವರು ದಾವಣಗೆರೆಗೆ, ಹಾವೇರಿ-ಬ್ಯಾಡಗಿಯವರು ಹುಬ್ಬಳ್ಳಿಗೆ ದೊಡ್ಡ ಶಸ್ತ್ರಚಿಕಿತ್ಸೆಗೆಂದು ಹೋಗಿ, ನಾಲ್ಕಾರು ದಿನಕ್ಕೆ ಮನೆಗೆ ಮರಳುತ್ತಾರೆ. ಹೆಪ್ಪಿನ ಅಪಾಯ ಅವರ ಜತೆಗೇ ಮನೆಗೆ ಬರುತ್ತದೆ. ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾದರೆ ಐದು ವಾರದವರೆಗೂ ಔಷಧ ಕೊಡುವುದುಂಟು. ಆಗ ನೋಡಿಕೊಳ್ಳುವವರು ದಾದಿಯಲ್ಲ, ಸೊಸೆ ಅಥವಾ ಮಗಳು. ಅವರಿಗಾಗಿ ನಾಲ್ಕು ಮಾತು.

ಚೀಲ ಕೊಳ್ಳುವ ಮೊದಲು ಹರಡು, ಮೀನಖಂಡ, ಕಾಲಿನ ಉದ್ದ ಅಳತೆ ಮಾಡಿಸಿ. ಸೆಕೆಯೆಂದು ಮೇಲಂಚನ್ನು ಕೆಳಕ್ಕೆ ಸುರುಳಿ ಸುತ್ತಬೇಡಿ. ಸುತ್ತಿದ ಜಾಗ ಹಗ್ಗ ಬಿಗಿದಂತಾಗಿ ರಕ್ತದ ದಾರಿಯನ್ನೇ ತಡೆಯುತ್ತದೆ. ದಿನಕ್ಕೊಮ್ಮೆ ತೆಗೆದು ಕಾಲು ತೊಳೆದು, ಹಿಮ್ಮಡಿಯಲ್ಲಿ ಕೆಂಪು ಅಥವಾ ಬೊಕ್ಕೆ ಇದೆಯೇ ನೋಡಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು, ನಡೆದರೆ ಕಾಲು ಸೆಳೆಯುವವರು, ಹೃದಯ ಸೋತು ಕಾಲು ಬಾತವರು ಇದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಅಂಥವರಿಗೆ ಚೀಲವೇ ಅಪಾಯವಾಗಬಹುದು.

ಇದೇ ಮಾತು ಬಾಣಂತಿಯರಿಗೂ. ಹೆರಿಗೆಯಾದ ಮೇಲೆ ಆರು ವಾರ, ಅದರಲ್ಲೂ ಸಿಸೇರಿಯನ್ ಆದವರಿಗೆ, ಹೆಪ್ಪಿನ ಅಪಾಯ ಹೆಚ್ಚು. ನಾವಾದರೋ ಆಕೆಯನ್ನು ಹೊರಸು ಬಿಟ್ಟು ಇಳಿಯಗೊಡುವುದಿಲ್ಲ, ನೀರನ್ನೂ ಅಳೆದು ಕೊಡುತ್ತೇವೆ. ಬೆಚ್ಚಗಿಡಿ, ಬೇಡವೆನ್ನುವುದಿಲ್ಲ. ಆದರೆ ನೀರು ಕೊಡಿ, ಮನೆಯೊಳಗೆ ಅಡ್ಡಾಡಿಸಿ.

ಒಂದೇ ಕಾಲು ಬಾತು, ಮೀನಖಂಡ ನೋಯತೊಡಗಿದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ಕೆಮ್ಮಿದಾಗ ರಕ್ತ ಬಂದರೆ ಬೆಳಗಾಗಲೆಂದು ಕಾಯಬೇಡಿ. ಕಾಲನ್ನು ಎಣ್ಣೆ ಹಚ್ಚಿ ತಿಕ್ಕಲೂಬೇಡಿ. ಕೂಡಲೇ ಆಸ್ಪತ್ರೆಗೆ ಹೊರಡಿ.

ಈಗ ನಾನು ಜೋಪಾನವಾಗಿ ನೋಡಿಕೊಳ್ಳಿ ಎಂದಷ್ಟೇ ಹೇಳುವುದಿಲ್ಲ. ಮಲಗಿದಲ್ಲೇ ಗಂಟೆಗೊಮ್ಮೆ ಹತ್ತು ಸಲ ಪಾದವನ್ನು ಮೇಲೆ ಕೆಳಗೆ ಆಡಿಸಲು ಹೇಳುತ್ತೇನೆ. ವೈದ್ಯರು ಏಳಿರಿ ಎಂದ ದಿನವೇ ಕೈಹಿಡಿದು ಎಬ್ಬಿಸಿ, ನಾಲ್ಕು ಹೆಜ್ಜೆ ನಡೆಸಿ ಎನ್ನುತ್ತೇನೆ. ಹೊಲಿಗೆ ಬಿಚ್ಚುವುದಿಲ್ಲ. ಇಷ್ಟನ್ನು ಆ ಮೊಮ್ಮಗಳಿಗೆ ಅಂದೇ ಹೇಳಬೇಕಿತ್ತು. ಇವತ್ತು ನಿಮಗೆ ಹೇಳಿದ್ದೇನೆ.