ಉಳಿಯುವುದು ಹಿರಿಯದೋ, ಕಿರಿಯದೋ?

ಜೀವಕೋಶವು ಒಡೆದು ಎರಡಾದಾಗ ಎರಡು ಪಾಲುಗಳೂ ಸಮವೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ದೇಹದ ಸವೆತವನ್ನು ತುಂಬಿಕೊಡುವ ಆಕರಕೋಶಗಳಿಗೆ ಈ ಸಮಪಾಲು ಸಾಲದು. ಅವುಗಳಲ್ಲಿ ಹಲವು ಒಡೆದಾಗ ಒಂದು ಮರಿಕೋಶ ಹೊರಟುಹೋಗಿ ಬೇರೊಂದು ಕೆಲಸಕ್ಕೆ ಅಣಿಯಾಗಬೇಕು. ಇನ್ನೊಂದು ಆಕರಕೋಶವಾಗಿಯೇ ಉಳಿಯಬೇಕು. ಎರಡೂ ಹೊರಟರೆ ಕಣಜ ಬರಿದಾಗುತ್ತದೆ. ಎರಡೂ ಉಳಿಯುತ್ತ ಹೋದರೆ ಗಡ್ಡೆ ಬೆಳೆಯುವ ಭಯ. ಒಂದೇ ಒಡಲಿನಿಂದ ಬಂದ ಎರಡಕ್ಕೆ ಈ ಭೇದ ಎಲ್ಲಿಂದ ಬಂತು?

ಇದಕ್ಕೆ ಒಂದು ಸುಳಿವು ಸೆಂಟ್ರೊಸೋಮಿನಲ್ಲಿದೆ. ಜರ್ಮನಿಯ ಥಿಯೊಡೋರ್ ಬೊವೆರಿ 1888ರಲ್ಲಿ ಹೆಸರಿಟ್ಟ ಅಂಗ ಇದು. ಕೋಶ ಒಡೆಯುವಾಗ ಎರಡು ಸೆಂಟ್ರೊಸೋಮುಗಳು ಎದುರುಬದುರಾಗಿ ನಿಂತು, ನಡುವೆ ಕದಿರಿನಂತೆ ಎಳೆಗಳನ್ನು ಹಬ್ಬಿಸಿ, ವರ್ಣತಂತುಗಳನ್ನು ಎರಡು ಕಡೆಗೂ ಹಂಚುತ್ತವೆ. ಸೆಂಟ್ರೊಸೋಮಿನ ನಡುವೆ ಸೆಂಟ್ರಿಯೋಲ್ ಎಂಬ ಎರಡು ಪುಟ್ಟ ಕೊಳವೆಗಳಿರುತ್ತವೆ. ವಿಭಜನೆಗೆ ಮುಂಚೆ ಇವು ಬೇರ್ಪಟ್ಟು, ಒಂದೊಂದೂ ತನ್ನ ಮಗ್ಗುಲಲ್ಲಿ ಹೊಸದೊಂದನ್ನು ಕಟ್ಟಿಕೊಳ್ಳುತ್ತದೆ. ಹೀಗೆ ಒಂದು ಸೆಂಟ್ರೊಸೋಮ್ ಎರಡಾಗುತ್ತದೆ. ಆದರೆ ಒಂದು ಜೋಡಿಯ ಹಳೆಯ ಕೊಳವೆ, ಇನ್ನೊಂದು ಜೋಡಿಯ ಹಳೆಯ ಕೊಳವೆಗಿಂತ ಕಡೆಯಪಕ್ಷ ಒಂದು ತಲೆಮಾರು ಹಿರಿಯದು. ಅಸಮತೆಯ ಬೀಜ ಇಲ್ಲಿದೆ.

ಹಿರಿಯದನ್ನು ವಿಜ್ಞಾನಿಗಳು ತಾಯಿ ಎನ್ನುತ್ತಾರೆ, ಕಿರಿಯದನ್ನು ಮಗಳು ಎನ್ನುತ್ತಾರೆ. ಕನ್ನಡ ಪಾಠ ಹೇಳಿ ಬದುಕಿದ ನನಗೆ ಇಂಥ ರೂಪಕ ಕಂಡರೆ ಕಿವಿ ನಿಮಿರುತ್ತದೆ. ತಾಯಿ ಎಂದೊಡನೆ, ಮನೆಯಲ್ಲಿ ಉಳಿಯುವವಳು ಅವಳೇ ಎಂದು ನಮ್ಮ ಮನಸ್ಸು ತೀರ್ಮಾನಿಸಿಬಿಡುತ್ತದೆ.

ಮೊದಲ ಸಾಕ್ಷ್ಯಗಳು ಹಾಗೆಯೇ ನುಡಿದವು. ಕೊಳೆತ ಹಣ್ಣಿಗೆ ಮುತ್ತುವ ಡ್ರೊಸೋಫಿಲ ನೊಣದ ವೃಷಣದಲ್ಲಿ ಆಕರಕೋಶಗಳು ತುದಿಯ ಕೆಲವು ಕೋಶಗಳಿಗೆ ಅಂಟಿಕೊಂಡಿರುತ್ತವೆ. ಯುಕಿಕೊ ಯಮಾಶಿತಾ, ಮಾರ್ಗರೆಟ್ ಫುಲ್ಲರ್ ಮತ್ತು ಸಂಗಡಿಗರು 2007ರಲ್ಲಿ ಕಂಡದ್ದು ಇದು: ತಾಯಿ ಸೆಂಟ್ರೊಸೋಮ್ ತನ್ನ ಎಳೆಗಳ ಬಲದಿಂದ ಆ ಅಂಟಿನ ಪಕ್ಕದಲ್ಲಿಯೇ ನೆಲೆ ನಿಲ್ಲುತ್ತದೆ, ಮಗಳು ಎದುರು ತುದಿಗೆ ಸರಿದು, ಹೊರಡುವ ಕೋಶದ ಪಾಲಾಗುತ್ತದೆ. 2009ರಲ್ಲಿ ಇಲಿಯ ಭ್ರೂಣದ ಮಿದುಳಿನಲ್ಲಿಯೂ ಆಕರಕೋಶಕ್ಕೆ ಹಿರಿಯದೇ ಸಿಕ್ಕುವುದು ಕಂಡುಬಂತು. ಹಿರಿಯ ಕೊಳವೆಗೆ ಸೇರಿದ ನೈನೀನ್ ಎಂಬ ಪ್ರೋಟೀನನ್ನು ತೆಗೆದಾಗ ಹಂಚಿಕೆ ಕೆಟ್ಟು, ಆಕರಕೋಶಗಳು ಅಕಾಲದಲ್ಲಿ ಬರಿದಾದವು.

ಆದರೆ ಅದೇ ನೊಣದ ಮಿದುಳು ಬೇರೆಯೇ ಮಾತಾಡಿತು. ನರಕೋಶಗಳನ್ನು ಹಡೆಯುವ ಅಲ್ಲಿನ ಆಕರಕೋಶದಲ್ಲಿ ಉಳಿಯುವುದು ಮಗಳು! 2010 ಮತ್ತು 2011ರ ಶೋಧಗಳು ಇದನ್ನು ತೋರಿಸಿದವು. ಮಗಳು ತನ್ನ ಸುತ್ತಲಿನ ಪ್ರೋಟೀನುಗಳನ್ನು ಬಿಡದೆ ಹಿಡಿದು ನೆಲೆ ನಿಲ್ಲುತ್ತದೆ. ತಾಯಿ ತನ್ನದನ್ನು ಕಳಚಿಕೊಂಡು ಅಲೆದಾಡಿ, ಕೊನೆಗೆ ಹೊರಡುವ ಕೋಶಕ್ಕೆ ಸಲ್ಲುತ್ತದೆ. ಇನ್ನೂ ಒಂದು ಸಂಗತಿ: ಸೆಂಟ್ರಿಯೋಲುಗಳೇ ಇಲ್ಲದ ನೊಣಗಳು ಕೂಡ ಪ್ರಾಯಕ್ಕೆ ಬೆಳೆದದ್ದನ್ನು 2006ರಲ್ಲಿಯೇ ಕಂಡಿದ್ದರು, ಹುಟ್ಟಿದ ಸ್ವಲ್ಪ ಕಾಲಕ್ಕೆ ಅವು ಸತ್ತವೆಂಬುದು ಬೇರೆ ಮಾತು.

ಆದ್ದರಿಂದ ಹಿರಿತನವು ವಿಧಿಯಲ್ಲ, ಗುರುತು ಮಾತ್ರ. ಎರಡರಲ್ಲಿ ಭೇದವೆಣಿಸಲು ವಯಸ್ಸು ಒಂದು ಆಧಾರ ಒದಗಿಸುತ್ತದೆ. ಆ ಭೇದಕ್ಕೆ ಅರ್ಥ ಕೊಡುವುದು ಅವು ಇರುವ ನೆಲೆ. ಶಬ್ದಕ್ಕೆ ವಾಕ್ಯ ಅರ್ಥ ಕೊಡುವ ಹಾಗೆ ಎಂದರೆ ಸಾಹಿತ್ಯದ ಓದುಗರಿಗೆ ಬೇಗ ತಿಳಿದೀತು.

ಕಡೆಯದಾಗಿ, ನನ್ನ ವಯಸ್ಸಿನವರಿಗೆ ಸಲ್ಲುವ ಒಂದು ಮಾತು. ಮುದಿ ನೊಣಗಳ ವೃಷಣದಲ್ಲಿ ಸೆಂಟ್ರೊಸೋಮುಗಳು ದಿಕ್ಕು ತಪ್ಪಿ ನಿಲ್ಲುವುದು ಹೆಚ್ಚೆಂದು 2008ರಲ್ಲಿ ತಿಳಿಯಿತು. ಆಗ ಕೋಶ ಅವಸರದಿಂದ ಒಡೆಯುವುದಿಲ್ಲ. ದಿಕ್ಕು ಸರಿಹೋಗುವ ತನಕ ತಡೆದು ನಿಲ್ಲುತ್ತದೆ. ಇದರಿಂದ ಹುಟ್ಟುವಳಿ ಇಳಿಯುತ್ತದೆ ನಿಜ, ಆದರೆ ಹಂಚಿಕೆ ಕೆಡುವುದಿಲ್ಲ. ಮುಪ್ಪಿನ ನಿಧಾನವೆಲ್ಲ ಸವೆತವಲ್ಲ. ಅದರಲ್ಲಿ ಒಂದಿಷ್ಟು ಎಚ್ಚರವೂ ಸೇರಿರುತ್ತದೆ.