ಸೊನ್ನೆಯೋ, ಅನುಸ್ವಾರವೋ?



ಶಿವಾಜಿನಗರದಲ್ಲಿ ಮದುವೆ ಕಾರ್ಡು ಅಚ್ಚು ಹಾಕಿಸುವವರು ತಾರೀಖನ್ನು ಉರ್ದು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಕೊಡುವುದುಂಟು. ನಮ್ಮ ಕಣ್ಣಿಗೆ ಮೂರೂ ಒಂದೇ ದಿನ. ಕಂಪ್ಯೂಟರಿಗೆ ಹಾಗಲ್ಲ. ಅದು ಅಂಕಿಯ ಆಕಾರವನ್ನು ಕಾಣದು, ಅದಕ್ಕೆ ಕೊಟ್ಟ ಸಂಕೇತವನ್ನಷ್ಟೇ ಓದುತ್ತದೆ. ಯೂನಿಕೋಡ್‌ನಲ್ಲಿ ಇಂಗ್ಲಿಷ್ ಅಂಕಿಗಳ ಸಂಕೇತ 48ರಿಂದ 57. ಅರಬ್ಬಿಯದು 1632ರಿಂದ 1641. ಫಾರ್ಸಿ, ಉರ್ದುವಿನದು 1776ರಿಂದ 1785. ಕನ್ನಡದ್ದು 3302ರಿಂದ 3311. ಅರಬ್ಬಿಗೂ ಉರ್ದುವಿಗೂ ಬೇರೆ ಬೇರೆ ಏಕೆಂದರೆ 4, 5, 6ರ ರೂಪ ಬೇರೆ. ಆದರೆ ಫಾರ್ಸಿಯ 7 ಮತ್ತು ಉರ್ದುವಿನ 7 ಬರೆಯುವಾಗ ಬೇರೆಯಾದರೂ ಸಂಕೇತ ಒಂದೇ. ಅಲ್ಲಿ ಫಾಂಟೇ ತೀರ್ಮಾನಿಸಬೇಕು. (ನಾವು ಇಂಗ್ಲಿಷ್ ಎನ್ನುವ ಅಂಕಿಗಳನ್ನು ನಮ್ಮ ಸಂವಿಧಾನದ 343ನೇ ವಿಧಿ ಭಾರತೀಯ ಅಂಕಿಗಳ ಅಂತಾರಾಷ್ಟ್ರೀಯ ರೂಪ ಎನ್ನುತ್ತದೆ!)

ಚೀನೀಯರದು ಇನ್ನೂ ವಿಚಿತ್ರ. ಅವರ ಒಂದಕ್ಕೆ 19968, ಮೂರಕ್ಕೆ 19977, ಎರಡಕ್ಕೆ 20108. ನಿಘಂಟಿನ ಕ್ರಮದಲ್ಲಿ ಜೋಡಿಸಿದ್ದರಿಂದ ಮೂರು ಎರಡಕ್ಕಿಂತ ಮುಂದೆ ಬಂದಿದೆ. ಅವುಗಳ ಬೆಲೆಯನ್ನು ಬೇರೆಯೇ ಪಟ್ಟಿಯಲ್ಲಿ ಇಡಬೇಕಾಯಿತು. ಹಣದ ಪತ್ರಗಳಿಗೆಂದು ಜಟಿಲವಾದ ಮತ್ತೊಂದು ಸಾಲು ಅಂಕಿಗಳೂ ಅವರಲ್ಲಿವೆ. ಸಾದಾ ಒಂದಕ್ಕೆ ಒಂದು ಗೆರೆ ಸೇರಿಸಿದರೆ ಹತ್ತಾಗಿಬಿಡುತ್ತದೆ, ನೋಡಿ.

ನಮ್ಮ ಮನೆಯ ತೊಂದರೆಗೆ ಬರೋಣ. ಕನ್ನಡದ ಸೊನ್ನೆ ೦, ಅನುಸ್ವಾರ ಂ. ನೋಡಲು ಅವಳಿಗಳು. ಸೊನ್ನೆಯ ಸಂಕೇತ 3302, ಅನುಸ್ವಾರದ್ದು 3202. ಬೆರಳಚ್ಚು ಮಾಡುವವರು ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತಿ 'ಬೆ೦ಗಳೂರು', 'ಇ೦ದಿರಾನಗರ' ಎಂದು ಬರೆದ ಪುಟಗಳಿಗೆ ಲೆಕ್ಕವಿಲ್ಲ. ಕಾಗದದ ಮೇಲೆ ಯಾರಿಗೂ ಗೊತ್ತಾಗದು. ಆದರೆ ಸರಿಯಾಗಿ ಬರೆದು ಹುಡುಕಿದರೆ ಆ ಪುಟ ಸಿಗದೆ ಹೋಗಬಹುದು. ಅಕಾರಾದಿ ಪಟ್ಟಿಯಲ್ಲಿ ಹೆಸರು ಎಲ್ಲೋ ಹೋಗಿ ಕೂರುತ್ತದೆ. ವಿದ್ಯಾರ್ಥಿವೇತನದ ಪಟ್ಟಿಯಲ್ಲಿ 'ಕಂಟೋನ್ಮೆಂಟ್' ಎಂದು ಹುಡುಕುವ ಹುಡುಗಿಗೆ ತನ್ನ ಹೆಸರಿರುವ ಸಾಲೇ ಕಾಣದಿದ್ದರೆ, ಅರ್ಜಿ ತಿರಸ್ಕೃತವಾಯಿತೆಂದೇ ಅವಳು ತಿಳಿಯುವುದಿಲ್ಲವೇ?

ಸೊನ್ನೆಗಳನ್ನೆಲ್ಲ ಒಮ್ಮೆಗೇ ಅನುಸ್ವಾರ ಮಾಡಿಬಿಡೋಣ ಎಂದು ಅವಸರಪಡಬೇಡಿ. ೧೦, ೨೦ ಕೆಟ್ಟುಹೋಗುತ್ತವೆ. ಸೊನ್ನೆಯ ಹಿಂದೆ ಅಕ್ಷರವಿದ್ದರೆ ಬದಲಿಸಿ, ಅಂಕಿಯಿದ್ದರೆ ಬಿಡಿ. ಇಷ್ಟನ್ನು ಮಾಡುವ ಚಿಕ್ಕ ಪ್ರೋಗ್ರಾಮನ್ನು ಇಲ್ಲಿರುವ ಕಂಪ್ಯೂಟರ್ ವಿದ್ಯಾರ್ಥಿಗಳು ಒಂದು ಸಂಜೆಯಲ್ಲಿ ಬರೆಯಬಲ್ಲರು. ನಮ್ಮ ಸದಸ್ಯರ ಪಟ್ಟಿಯಿಂದಲೇ ಪ್ರಾರಂಭಿಸಬಹುದು.