ಫಾರ್ಮುಲಾ 2: ಹೊಸ ಸೀಸನ್‌ಗೆ ಮುನ್ನ



ಮೋಟಾರು ರೇಸು ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಫಾರ್ಮುಲಾ 1. ಆದರೆ ಅದು ನಡೆಯುವ ಹಲವು ಊರುಗಳಲ್ಲಿ, ಅದೇ ಪಥದಲ್ಲಿ, ಅದೇ ಶನಿವಾರ ಭಾನುವಾರಗಳಂದು, ಮುಖ್ಯ ಸ್ಪರ್ಧೆಗೆ ಮೊದಲು ಇನ್ನೊಂದು ರೇಸು ನಡೆಯುತ್ತದೆ. ಅದೇ ಫಾರ್ಮುಲಾ 2. ಒಬ್ಬರೇ ಕೂರುವ, ಚಕ್ರಗಳು ಹೊರಗೆ ಕಾಣುವ ಕಾರುಗಳಲ್ಲಿ, ಫಾರ್ಮುಲಾ 1ರ ಬಾಗಿಲು ತಟ್ಟುತ್ತಿರುವ ತರುಣ ಚಾಲಕರು ಓಡಿಸುವ ರೇಸು ಇದು. 2005ರಲ್ಲಿ ಜಿಪಿ2 ಎಂಬ ಹೆಸರಿನಿಂದ ಆರಂಭವಾದ ಈ ಸರಣಿಗೆ 2017ರಲ್ಲಿ ಈಗಿನ ಹೆಸರು ಬಂದಿತು.

ಪ್ರತಿ ಸೀಸನ್‌ಗೆ ಮುನ್ನ ಪತ್ರಿಕೆಗಳಲ್ಲಿ ತಂಡಗಳ ಪಟ್ಟಿ, ಚಾಲಕರ ಹೆಸರು, ಪಂದ್ಯಗಳ ದಿನಾಂಕ ಪ್ರಕಟವಾಗುತ್ತವೆ. ಅವನ್ನು ಓದಿದರೂ ಈ ಸ್ಪರ್ಧೆ ಏನನ್ನು ಅಳೆಯುತ್ತದೆ ಎಂಬುದು ತಿಳಿಯುವುದಿಲ್ಲ. ಇಂದು ನಾನು ಹೇಳಹೊರಟಿರುವುದು ಒಂದೇ ಸಂಗತಿ. ಫಾರ್ಮುಲಾ 2 ಎಂಬುದು ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡುವ ಪರೀಕ್ಷೆ. ಆದರೆ ಪಾಸಾದವರಿಗೆಲ್ಲ, ಕೆಲವೊಮ್ಮೆ ಮೊದಲ ರ್‍ಯಾಂಕ್ ಬಂದವರಿಗೂ, ಮುಂದೆ ಸೀಟು ಸಿಗುವ ಖಾತ್ರಿಯಿಲ್ಲ. ಇವೆರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಹೊಸ ಸೀಸನ್ ನಿಮಗೆ ಬೇರೆಯಾಗಿಯೇ ಕಾಣುತ್ತದೆ.

ಮೊದಲು ಈ ಹಾದಿಯ ಮೆಟ್ಟಿಲುಗಳನ್ನು ನೋಡೋಣ. ಮಗು ಎಂಟು ಹತ್ತನೆಯ ವಯಸ್ಸಿಗೆ ಕಾರ್ಟಿಂಗ್ ಕಲಿಯುತ್ತದೆ. ಹದಿನೈದು ತುಂಬಿದ ಮೇಲೆ ಫಾರ್ಮುಲಾ 4. ಅನಂತರ ಫಾರ್ಮುಲಾ ರೀಜನಲ್, ಫಾರ್ಮುಲಾ 3, ಕೊನೆಗೆ ಫಾರ್ಮುಲಾ 2. ಅಲ್ಲಿಂದ ಫಾರ್ಮುಲಾ 1ಕ್ಕೆ ಹೋಗಲು ‘ಸೂಪರ್ ಲೈಸೆನ್ಸ್’ ಎಂಬ ಪರವಾನಗಿ ಬೇಕು. ಮ್ಯಾಕ್ಸ್ ವೆರ್‌ಸ್ಟಾಪನ್ 2015ರಲ್ಲಿ ಹದಿನೇಳನೆಯ ವಯಸ್ಸಿಗೇ ಫಾರ್ಮುಲಾ 1ರಲ್ಲಿ ಓಡಿಸಿದ ಮೇಲೆ ಇದರ ನಿಯಮಗಳು ಬಿಗಿಯಾದವು. ಸಾಮಾನ್ಯವಾಗಿ ಹದಿನೆಂಟು ವರ್ಷ ತುಂಬಿರಬೇಕು, ಮೂರು ಸೀಸನ್‌ಗಳಲ್ಲಿ ಒಟ್ಟು 40 ಅಂಕ ಗಳಿಸಿರಬೇಕು. ಫಾರ್ಮುಲಾ 4ರ ಚಾಂಪಿಯನ್‌ಗೆ ದೊರೆಯುವುದು 12 ಅಂಕ, ಫಾರ್ಮುಲಾ 3ರ ಚಾಂಪಿಯನ್‌ಗೆ 30. ಫಾರ್ಮುಲಾ 2ರಲ್ಲಿ ಮಾತ್ರ ಮೊದಲ ಮೂರು ಸ್ಥಾನ ಪಡೆದವರಿಗೆ ಒಂದೇ ಏಟಿಗೆ 40 ಅಂಕ ಬರುತ್ತದೆ. ಈ ಸರಣಿಗೆ ಇಷ್ಟು ಬೆಲೆ ಬಂದಿರುವುದಕ್ಕೆ ಇದೂ ಒಂದು ಕಾರಣ.

ಈಗ ಪ್ರಶ್ನೆಪತ್ರಿಕೆಯ ಮಾತಿಗೆ ಬರೋಣ. ಫಾರ್ಮುಲಾ 1ರಲ್ಲಿ ಪ್ರತಿ ತಂಡವೂ ತನ್ನ ಕಾರನ್ನು ತಾನೇ ರೂಪಿಸುತ್ತದೆ. ಆದ್ದರಿಂದ ಅಲ್ಲಿ ಗೆದ್ದದ್ದು ಚಾಲಕನೋ ಕಾರೋ ಎಂಬ ವಾದ ಎಂದೂ ಮುಗಿಯುವುದಿಲ್ಲ. ಫಾರ್ಮುಲಾ 2ರಲ್ಲಿ ಆ ವಾದಕ್ಕೆ ಎಡೆ ಕಡಿಮೆ. ಎಲ್ಲರ ಚಾಸಿಯೂ ಇಟಲಿಯ ಡಲ್ಲಾರಾ ಕಂಪನಿಯದು. ಎಲ್ಲರ ಎಂಜಿನ್ನೂ ಫ್ರಾನ್ಸಿನ ಮೆಕಾಕ್ರೋಮ್ ಒದಗಿಸುವ 3.4 ಲೀಟರಿನ ವಿ6 ಟರ್ಬೊ. ಅದರ ಶಕ್ತಿ ಸುಮಾರು 620 ಅಶ್ವಶಕ್ತಿ. ಟೈರುಗಳು ಪಿರೆಲ್ಲಿಯವು. ತಂಡದ ಎಂಜಿನಿಯರು ರೆಕ್ಕೆಯ ಕೋನ, ಸಸ್ಪೆನ್ಷನ್, ಟೈರಿನ ಗಾಳಿ ಮುಂತಾದವನ್ನು ಹೊಂದಿಸಬಹುದೇ ಹೊರತು ಬೇರೆ ಕಾರು ಕಟ್ಟುವಂತಿಲ್ಲ. ಪವರ್ ಸ್ಟೀರಿಂಗ್ ಕೂಡ ಇಲ್ಲ. 2019ರಲ್ಲಿ ಕೊಲಂಬಿಯಾದ ಟಟಿಯಾನಾ ಕಾಲ್ಡೆರಾನ್ ಈ ಸರಣಿಯಲ್ಲಿ ಸ್ಪರ್ಧಿಸಿದ ಮೊದಲ ಮಹಿಳೆಯಾದರು. 2024ರಲ್ಲಿ ಹೊಸ ಕಾರು ಬಂದಾಗ, ಮಹಿಳೆಯರೂ ಸೇರಿದಂತೆ ಎಲ್ಲ ಮೈಕಟ್ಟಿನವರಿಗೂ ಓಡಿಸಲು ಅನುಕೂಲವಾಗಲೆಂದು ಸ್ಟೀರಿಂಗಿಗೆ ಬೇಕಾದ ಬಲವನ್ನು ತಗ್ಗಿಸಲಾಯಿತು.

ಕಾರು ಒಂದೇ ಆದ ಮೇಲೆ ವ್ಯತ್ಯಾಸ ಬರುವುದು ಎಲ್ಲಿಂದ? ಮುಖ್ಯವಾಗಿ ಎರಡು ಕಡೆಯಿಂದ. ಮೊದಲನೆಯದು ಸಮಯ. ಒಂದು ವಾರಾಂತ್ಯದಲ್ಲಿ ಅಭ್ಯಾಸಕ್ಕೆ ದೊರೆಯುವುದು 45 ನಿಮಿಷಗಳ ಒಂದೇ ಅವಧಿ. ಆಮೇಲೆ ಯಾರು ಎಲ್ಲಿಂದ ಹೊರಡಬೇಕೆಂದು ತೀರ್ಮಾನಿಸುವ 30 ನಿಮಿಷಗಳ ಅರ್ಹತಾ ಅವಧಿ. ಆ ಪಥವನ್ನು ಹಿಂದೆಂದೂ ಕಾಣದ ಹುಡುಗನಿಗೂ ಅಷ್ಟೇ, ಮೂರನೆಯ ವರ್ಷ ಬಂದವನಿಗೂ ಅಷ್ಟೇ. ಅಂದರೆ ಇಲ್ಲಿ ಪರೀಕ್ಷೆಗೆ ಒಳಗಾಗುವುದು ಬರೀ ಧೈರ್ಯವಲ್ಲ, ಬೇಗ ಕಲಿಯುವ ಶಕ್ತಿ.

ಎರಡನೆಯದು ಟೈರು. ಫಾರ್ಮುಲಾ 1ರಲ್ಲಿ ಟೈರುಗಳಿಗೆ ಕಂಬಳಿ ಹೊದಿಸಿ ಮೊದಲೇ ಬಿಸಿ ಮಾಡುತ್ತಾರೆ. ಇಲ್ಲಿ ಆ ಸೌಲಭ್ಯವಿಲ್ಲ. ತಣ್ಣಗಿನ ರಬ್ಬರಿಗೆ ನೆಲದ ಹಿಡಿತ ಬಾರದು. ಅವಸರಪಟ್ಟು ಹೆಚ್ಚು ಬಿಸಿ ಮಾಡಿದರೆ ಬೇಗ ಸವೆದು ಕೊನೆಯ ಸುತ್ತುಗಳಲ್ಲಿ ಕಾರು ಜಾರತೊಡಗುತ್ತದೆ. ಟೈರನ್ನು ಉಳಿಸಿಕೊಂಡೇ ವೇಗವಾಗಿ ಹೋಗುವುದು ಒಂದು ವಿದ್ಯೆ. ರೇಸಿನ ಮೊದಲ ಭಾಗದಲ್ಲಿ ಹಿಂದೆ ಬಿದ್ದಂತೆ ಕಂಡ ಚಾಲಕ ಕೊನೆಯಲ್ಲಿ ಒಬ್ಬೊಬ್ಬರನ್ನೇ ದಾಟಿ ಬಂದರೆ, ಅದು ಅದೃಷ್ಟವಲ್ಲ, ಲೆಕ್ಕಾಚಾರ ಎಂದು ತಿಳಿಯಿರಿ.

ವಾರಾಂತ್ಯದಲ್ಲಿ ಎರಡು ರೇಸುಗಳಿರುತ್ತವೆ. ಶನಿವಾರದ್ದು ಚಿಕ್ಕದು, ಅದಕ್ಕೆ ಸ್ಪ್ರಿಂಟ್ ಎನ್ನುತ್ತಾರೆ. ಭಾನುವಾರದ್ದು ದೊಡ್ಡದು, ಅದು ಫೀಚರ್ ರೇಸು. ಅದರಲ್ಲಿ ಒಮ್ಮೆ ಪಿಟ್ಟಿಗೆ ಬಂದು ಟೈರು ಬದಲಿಸುವುದು ಕಡ್ಡಾಯ. ಫೀಚರ್ ಗೆದ್ದವರಿಗೆ 25 ಅಂಕ, ಸ್ಪ್ರಿಂಟ್ ಗೆದ್ದವರಿಗೆ 10. ಸ್ಪ್ರಿಂಟಿನಲ್ಲಿ ಒಂದು ತಮಾಷೆಯ ನಿಯಮವಿದೆ. ಅರ್ಹತಾ ಅವಧಿಯ ಮೊದಲ ಹತ್ತು ಮಂದಿಯ ಸಾಲನ್ನು ತಿರುಗುಮುರುಗು ಮಾಡುತ್ತಾರೆ. ಹತ್ತನೆಯವರು ಎಲ್ಲರಿಗಿಂತ ಮುಂದೆ, ಮೊದಲನೆಯವರು ಹತ್ತನೆಯ ಜಾಗದಲ್ಲಿ.

ಇದರ ಫಲವನ್ನು ಕನ್ನಡಿಗರು 2025ರಲ್ಲಿ ಕಂಡರು. ಬೆಂಗಳೂರಿನ ಕುಶ್ ಮೈನಿ ಮೊನಾಕೊ ಪಟ್ಟಣದ ಇಕ್ಕಟ್ಟಾದ ರಸ್ತೆಗಳಲ್ಲಿ ಸ್ಪ್ರಿಂಟ್ ರೇಸಿಗೆ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟು, ಕೊನೆಯವರೆಗೂ ಯಾರಿಗೂ ದಾರಿ ಬಿಡದೆ ಗೆದ್ದರು. ಫಾರ್ಮುಲಾ 2ರಲ್ಲಿ ಮೊನಾಕೊದಲ್ಲಿ ಗೆದ್ದ ಮೊದಲ ಭಾರತೀಯ ಅವರು. ಅಲ್ಲಿ ಎದುರಿನ ಕಾರನ್ನು ದಾಟುವುದು ಕಷ್ಟವಾದರೂ, ಗೋಡೆಗಳ ನಡುವೆ ಒಂದೇ ಒಂದು ತಪ್ಪೂ ಮಾಡದೆ ರೇಸು ಮುಗಿಸುವುದು ಅಷ್ಟೇ ಕಷ್ಟ. ಹೆಮ್ಮೆ ಪಡಬೇಕಾದ ಗೆಲುವು, ಸಂದೇಹವಿಲ್ಲ. ಆದರೆ ಆ ಸೀಸನ್ನಿನ ಒಟ್ಟಾರೆ ಪಟ್ಟಿಯಲ್ಲಿ ಅವರು ಮೊದಲ ಹತ್ತರೊಳಗೆ ಬರಲಿಲ್ಲ. ಒಂದು ದಿನದ ಗೆಲುವು ಬೇರೆ, ಇಡೀ ವರ್ಷದ ಸಾಧನೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಉಂಟು. ಇಟಲಿಯ ಲಿಯೊನಾರ್ಡೊ ಫೋರ್ನರೋಲಿ 2024ರಲ್ಲಿ ಫಾರ್ಮುಲಾ 3ರ ಚಾಂಪಿಯನ್ ಆದರು. ಆ ವರ್ಷ ಅವರು ಒಂದೇ ಒಂದು ರೇಸನ್ನೂ ಗೆದ್ದಿರಲಿಲ್ಲ! ಹನಿಹನಿಗೂಡಿದರೆ ಹಳ್ಳ ಎಂಬಂತೆ ಪಂದ್ಯದಿಂದ ಪಂದ್ಯಕ್ಕೆ ಅಂಕ ಕೂಡಿಹಾಕುತ್ತ ಹೋದರು. ಮರುವರ್ಷ, ಅಂದರೆ 2025ರಲ್ಲಿ, ಫಾರ್ಮುಲಾ 2ಕ್ಕೆ ಬಂದು ಮೊದಲ ಪ್ರಯತ್ನದಲ್ಲೇ ಅಲ್ಲಿಯೂ ಚಾಂಪಿಯನ್ ಆದರು. ಈ ಬಾರಿ ರೇಸುಗಳನ್ನೂ ಗೆದ್ದರು.

ಓದುಗರೇ, ಈಗ ಪರೀಕ್ಷೆಯಿಂದ ಸೀಟಿನ ಮಾತಿಗೆ ಬರೋಣ. ಅಷ್ಟೆಲ್ಲ ಸಾಧಿಸಿದ ಫೋರ್ನರೋಲಿಯವರಿಗೆ 2026ರ ಫಾರ್ಮುಲಾ 1ರಲ್ಲಿ ಸೀಟು ಸಿಗಲಿಲ್ಲ. 2022ರ ಚಾಂಪಿಯನ್, ಬ್ರೆಜಿಲಿನ ಫೆಲಿಪೆ ಡ್ರುಗೊವಿಚ್ ಮೀಸಲು ಚಾಲಕರಾಗಿ ಕಾದರು. 2023ರ ಚಾಂಪಿಯನ್, ಫ್ರಾನ್ಸಿನ ಥಿಯೊ ಪೂರ್ಶೇರ್ ಅವರಿಗೂ ಬಾಗಿಲು ತೆರೆಯಲಿಲ್ಲ. 2021ರ ಚಾಂಪಿಯನ್ ಆಸ್ಕರ್ ಪಿಯಾಸ್ಟ್ರಿ ಒಂದು ವರ್ಷ ಸುಮ್ಮನೆ ಕಾದು, 2023ರಲ್ಲಿ ಮೆಕ್‌ಲಾರೆನ್ ತಂಡ ಸೇರಿದರು. ಇನ್ನೊಂದು ವಿಚಿತ್ರ ನೋಡಿ. ಫಾರ್ಮುಲಾ 2ರ ಚಾಂಪಿಯನ್ ಮರುವರ್ಷ ಅದೇ ಸರಣಿಗೆ ಮರಳುವಂತಿಲ್ಲ ಎಂದು ನಿಯಮವಿದೆ. ಮೇಲೆ ಜಾಗವಿಲ್ಲ, ಇದ್ದ ಕಡೆ ಇರುವಂತೆಯೂ ಇಲ್ಲ.

ಹಾಗೆಂದು ಬಾಗಿಲು ಸದಾ ಮುಚ್ಚಿಯೇ ಇರುತ್ತದೆಂದಲ್ಲ. 2024ರ ಕೊನೆಯ ರೇಸಿನಲ್ಲಿ, ಅಬುಧಾಬಿಯಲ್ಲಿ, ಪ್ರಶಸ್ತಿಗಾಗಿ ಹೋರಾಡುತ್ತಿದ್ದ ಇಸಾಕ್ ಹಜಾರ್ ಅವರ ಕಾರು ಹೊರಡುವ ಗಳಿಗೆಯಲ್ಲೇ ಆಫ್ ಆಗಿಬಿಟ್ಟಿತು. ಚಾಂಪಿಯನ್ ಪಟ್ಟ ಗೇಬ್ರಿಯಲ್ ಬೋರ್ಟೊಲೆಟೊ ಪಾಲಾಯಿತು. ಆದರೂ 2025ರಲ್ಲಿ ಇಬ್ಬರೂ ಫಾರ್ಮುಲಾ 1ರಲ್ಲಿದ್ದರು. ಅದೇ ವರ್ಷ, ಪಟ್ಟಿಯಲ್ಲಿ ಅವರಿಗಿಂತ ಕೆಳಗಿದ್ದ ಕಿಮಿ ಆಂಟೊನೆಲಿ ಮತ್ತು ಆಲಿವರ್ ಬೇರ್‌ಮನ್ ಕೂಡ ಮೇಲೇರಿದರು. 2026ರಲ್ಲಾದರೋ ಪೂರ್ತಿ ಹೊಸಬರಾಗಿ ಬಂದವರು ಅರ್ವಿಡ್ ಲಿಂಡ್‌ಬ್ಲಾಡ್ ಒಬ್ಬರೇ. ದೊಡ್ಡ ತಂಡಗಳು ಅಂಕಪಟ್ಟಿಯನ್ನಷ್ಟೇ ನೋಡುವುದಿಲ್ಲ. ವಯಸ್ಸೆಷ್ಟು, ಎಷ್ಟನೆಯ ವರ್ಷಕ್ಕೆ ಗೆದ್ದ, ಯಾವ ತಂಡ ಅವನನ್ನು ಚಿಕ್ಕಂದಿನಿಂದ ಸಾಕಿದೆ, ಆ ವರ್ಷ ಯಾರ ಜಾಗ ಖಾಲಿಯಾಗಿದೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ.

ಇನ್ನು ಹಣ. ಫಾರ್ಮುಲಾ 2ರ ಚಾಲಕನಿಗೆ ತಂಡ ಸಂಬಳ ಕೊಡುತ್ತದೆಂದು ಹಲವರು ಭಾವಿಸಿದ್ದಾರೆ. ಸಾಮಾನ್ಯವಾಗಿ ಇರುವುದು ಇದಕ್ಕೆ ವಿರುದ್ಧ: ಚಾಲಕನೇ, ಅಂದರೆ ಅವನ ಮನೆಯವರು ಅಥವಾ ಪ್ರಾಯೋಜಕರು, ತಂಡಕ್ಕೆ ಹಣ ಕಟ್ಟಬೇಕು. ಒಂದು ಸೀಸನ್ನಿಗೆ ಇಪ್ಪತ್ತು ಕೋಟಿ ರೂಪಾಯಿಗೂ ಮೀರುತ್ತದೆ ಎಂಬುದು ಈ ವಲಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ ನಿಜ. ಆದರೆ ಪರೀಕ್ಷಾ ಶುಲ್ಕ ಕಟ್ಟಬಲ್ಲವರಷ್ಟೇ ಕೊಠಡಿಯೊಳಗೆ ಬರುತ್ತಾರೆ. ಕೆಳಗಿನ ಮೆಟ್ಟಿಲುಗಳಲ್ಲೇ ಹಣ ಸಾಲದೆ ನಿಂತುಹೋದ ಪ್ರತಿಭಾವಂತರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಪ್ರಾಣದ ಮಾತನ್ನೂ ಮರೆಯುವಂತಿಲ್ಲ. 2019ರ ಆಗಸ್ಟ್ 31ರಂದು ಬೆಲ್ಜಿಯಂನ ಸ್ಪಾ ಪಥದಲ್ಲಿ ಫಾರ್ಮುಲಾ 2 ರೇಸು ನಡೆಯುತ್ತಿದ್ದಾಗ ಆದ ಅಪಘಾತದಲ್ಲಿ 22 ವರ್ಷದ ಆಂಟ್ವಾನ್ ಯೂಬೇರ್ ಅಸುನೀಗಿದರು. ಕಾಲುಗಳಿಗೆ ತೀವ್ರ ಪೆಟ್ಟಾಗಿದ್ದ ಹುವಾನ್ ಮ್ಯಾನುಯೆಲ್ ಕೊರಿಯಾ 2021ರಲ್ಲಿ ಫಾರ್ಮುಲಾ 3ಕ್ಕೆ, ಮುಂದೆ ಫಾರ್ಮುಲಾ 2ಕ್ಕೂ ಮರಳಿದರು. ಚಾಲಕನ ತಲೆಯ ಸುತ್ತ ಇರುವ ‘ಹೇಲೊ’ ಎಂಬ ಟೈಟೇನಿಯಂ ಕಮಾನು ಈ ಸರಣಿಗೆ ಬಂದದ್ದು 2018ರಲ್ಲಿ. ಅದೇ ವರ್ಷ ಬಾರ್ಸಿಲೋನಾದಲ್ಲಿ ಒಂದು ಕಾರು ಇನ್ನೊಂದರ ಮೇಲೇರಿದಾಗ ಕೆಳಗಿದ್ದ ಚಾಲಕನ ತಲೆಯನ್ನು ಕಾಯ್ದದ್ದು ಅದೇ ಕಮಾನು. ಅಪಾಯ ಕಡಿಮೆಯಾಗಿದೆ, ಇಲ್ಲವಾಗಿಲ್ಲ.

ನಮ್ಮ ನಾಡಿನ ಮಕ್ಕಳ ವಿಷಯವೇನು? 2005ರಲ್ಲಿ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಕರುಣ್ ಚಂದೋಕ್ ಫಾರ್ಮುಲಾ 1 ಮುಟ್ಟಿದರು. 2012ರ ನಂತರ 2025ರ ಕೊನೆಯವರೆಗೂ ಇನ್ನೊಬ್ಬ ಭಾರತೀಯ ಅಲ್ಲಿ ರೇಸು ಓಡಿಸಲಿಲ್ಲ. ಫಾರ್ಮುಲಾ 2ರಲ್ಲಿ ಗೆದ್ದ ಮೊದಲ ಭಾರತೀಯ ಜೆಹಾನ್ ದಾರುವಾಲಾ, 2020ರಲ್ಲಿ. ಕುಶ್ ಅವರ ಅಣ್ಣ ಅರ್ಜುನ್ ಮೈನಿ 2018ರಲ್ಲಿ ಇದೇ ಸರಣಿಯಲ್ಲಿದ್ದರು. ಕರ್ನಾಟಕದ ಮಗುವೊಂದು ಈ ಹಾದಿ ಹಿಡಿದರೆ ಕಾರ್ಟಿಂಗ್ ಬೆಂಗಳೂರಿನಲ್ಲೇ ಆದೀತು. ಮುಂದಿನ ಮೆಟ್ಟಿಲಿಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಸಮೀಪದ ಪಥಕ್ಕೋ ಹೋಗಬೇಕು. ಅಲ್ಲಿ ಓಡುವ ಫಾರ್ಮುಲಾ ಎಲ್‌ಜಿಬಿ ಕಾರುಗಳಲ್ಲಿ ಎಷ್ಟೋ ಮಂದಿ ಮೊದಲ ಪಾಠ ಕಲಿತಿದ್ದಾರೆ. 2023ರಿಂದ ಭಾರತದ್ದೇ ಆದ ಫಾರ್ಮುಲಾ 4 ಚಾಂಪಿಯನ್‌ಷಿಪ್ ಕೂಡ ಆರಂಭವಾಗಿದೆ. ಹದಿನೈದರ ಹುಡುಗನನ್ನು ಮೊದಲೇ ಯುರೋಪಿಗೆ ಕಳುಹಿಸದೆ ಅವನ ಕೈ ನೋಡಲು ಇದು ಒಳ್ಳೆಯ ಅವಕಾಶ.

ಆದರೆ ತಂದೆತಾಯಿಗಳು ಮೊದಲೇ ಕೂತು ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಎಷ್ಟು ಹಣದವರೆಗೆ, ಎಷ್ಟು ವರ್ಷದವರೆಗೆ, ಶಾಲೆಯ ಓದನ್ನು ಹೇಗೆ ಉಳಿಸಿಕೊಂಡು? ಮನೆ ಅಡವಿಟ್ಟ ಮೇಲೆ ಈ ಪ್ರಶ್ನೆ ಕೇಳಿಕೊಂಡರೆ ಉತ್ತರದ ಭಾರವೆಲ್ಲ ಮಗುವಿನ ಹೆಗಲ ಮೇಲೆ ಬೀಳುತ್ತದೆ. ಫಾರ್ಮುಲಾ 1 ಸಿಗದಿದ್ದರೂ ರೇಸಿಂಗ್ ಜೀವನ ಮುಗಿಯುವುದಿಲ್ಲ. ಸ್ಪೋರ್ಟ್ಸ್ ಕಾರು ರೇಸುಗಳಿವೆ, ಫಾರ್ಮುಲಾ ಇ ಇದೆ, ಎಂಜಿನಿಯರಿಂಗ್ ಕೆಲಸಗಳಿವೆ. ಇದನ್ನು ಮಗುವಿಗೆ ಮೊದಲೇ ತಿಳಿಹೇಳಿದರೆ ಅದು ಸೋಲಿಗೆ ಹೆದರದೆ ಓಡಿಸುತ್ತದೆ.

ಹೊಸ ಸೀಸನ್ ನೋಡುವಾಗ ನೀವೂ ಮೂರು ಸಂಗತಿಗಳನ್ನು ಗಮನಿಸಿ. ಮುಂದಿರುವ ಚಾಲಕ ಎಷ್ಟನೆಯ ವರ್ಷದಲ್ಲಿದ್ದಾನೆ? ಶನಿವಾರಕ್ಕಿಂತ ಭಾನುವಾರದ ದೊಡ್ಡ ರೇಸಿನಲ್ಲಿ ಅವನ ಸಾಧನೆಯೇನು? ಗೆಲ್ಲಲಾಗದ ದಿನ ಅವನು ಎಷ್ಟು ಅಂಕ ಉಳಿಸಿಕೊಂಡ? ಈ ಮೂರಕ್ಕೆ ಉತ್ತರ ಗುರುತಿಸುತ್ತ ಹೋದರೆ, ವರ್ಷದ ಮಧ್ಯಭಾಗದ ಹೊತ್ತಿಗೆ ಯಾರು ನಿಜವಾಗಿ ಬೆಳೆಯುತ್ತಿದ್ದಾರೆಂದು ನೀವೇ ಹೇಳಬಲ್ಲಿರಿ. ಪಟ್ಟಿಯ ತುದಿಯಲ್ಲಿರುವವರಿಗೆ ಚಪ್ಪಾಳೆ ತಟ್ಟಿ. ಜೊತೆಗೆ ಹದಿನೈದನೆಯ ಸ್ಥಾನದಲ್ಲಿ ಟೈರು ಕಾಯ್ದುಕೊಂಡು ಒಂದೊಂದೇ ಜಾಗ ಮೇಲೆ ಬರುತ್ತಿರುವ ಹೊಸಬನ ಕಡೆಗೂ ಒಂದು ಕಣ್ಣಿಡಿ. ಮುಂದಿನ ವರ್ಷ ನಿಮ್ಮ ಬಾಯಲ್ಲಿ ಅವನ ಹೆಸರೇ ಇರಬಹುದು.